ಪಂಚಾಂಗದ ವಸಂತ, ಹುಲ್ಲಿನ ವಸಂತ

ಈ ಅಂಕಣದಲ್ಲಿ ವಾಚಕ ಮಹಾಶಯರು ದೊಡ್ಡ ದೊಡ್ಡ ವಿಷಯಗಳನ್ನು ನಿರೀಕ್ಷಿಸುವುದಿಲ್ಲ, ನಾನೂ ಕೊಟ್ಟವನಲ್ಲ. ಆದರೂ ಈ ವಾರದ ವಿಷಯವನ್ನು ಕೇಳಿ, 'ಈ ಮುದುಕನಿಗೆ ಬರೆಯಲು ಬೇರೇನೂ ದೊರೆಯಲಿಲ್ಲವೇ?' ಎಂದು ಕೆಲವರಾದರೂ ಹುಬ್ಬೇರಿಸಿಯಾರು. ವಿಷಯವಿಷ್ಟೇ: ಮನೆಯಲ್ಲಿ ಸಾಕಿದ ಗಿನಿಯಿಲಿಗಳನ್ನು ವಸಂತಕಾಲದಲ್ಲಿ ಹೊರಗೆ ಹುಲ್ಲು ಮೇಯಲು ಬಿಡುವುದು. ನಮ್ಮ ವಂಶದಲ್ಲಿ ಎಮ್ಮೆ ಮೇಯಿಸಿದವರುಂಟು, ಕುರಿ ಮೇಯಿಸಿದವರುಂಟು. ಇಲಿ ಮೇಯಿಸಿದ ಕೀರ್ತಿ ನನಗೊಬ್ಬನಿಗೇ ಸಲ್ಲಬೇಕು. ನಗುವವರು ಧಾರಾಳವಾಗಿ ನಗಲಿ. ಆದರೆ ಈ ಕೆಲಸದಲ್ಲಿ ನನ್ನ ಅಜಾಗ್ರತೆಯಿಂದ ಒಂದು ಪ್ರಾಣ ಹೋಗಿದೆ. ಆದುದರಿಂದ ಕೊನೆಯವರೆಗೂ ನಗಿಸುವ ಭರವಸೆಯನ್ನು ನಾನು ಕೊಡಲಾರೆ.

ನಾವಿರುವುದು ಹೆಬ್ಬಗೋಡಿಯಲ್ಲಿ. ಆನೇಕಲ್ ತಾಲ್ಲೂಕಿನ ಈ ಊರು ಹೊಸೂರು ರಸ್ತೆಯ ಮಗ್ಗುಲಲ್ಲಿದೆ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಮತ್ತೊಂದು ಕಡೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ. ರಸ್ತೆಯ ನೆತ್ತಿಯ ಮೇಲೆ 2025ರ ಆಗಸ್ಟ್ ತಿಂಗಳಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋ ರೈಲು. ಮಗನೂ ಸೊಸೆಯೂ ಬೆಳಗಾಗುತ್ತಲೇ ಕಂಪ್ಯೂಟರಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ನಾನು, ನಾಲ್ಕನೆಯ ತರಗತಿಯ ಮೊಮ್ಮಗಳು, ಎರಡು ಗಿನಿಯಿಲಿಗಳು, ಇಷ್ಟು ಮಂದಿ ರಜಾದಿನಗಳಲ್ಲಿ ಮನೆ ಕಾಯುತ್ತೇವೆ. ಈ ಎರಡು ಜೀವಗಳು ಮನೆಗೆ ಬಂದದ್ದು ಯುಗಾದಿಗೆ ಮುಂಚೆ. ಕಪ್ಪುಮೈಯದಕ್ಕೆ ಬೇವು ಎಂದೂ ಕಂದುಮೈಯದಕ್ಕೆ ಬೆಲ್ಲ ಎಂದೂ ಮೊಮ್ಮಗಳೇ ನಾಮಕರಣ ಮಾಡಿದಳು. ಎರಡೂ ಹೆಣ್ಣು.

ಗಿನಿಯಿಲಿಯನ್ನು ಕಂಡರಿಯದವರಿಗಾಗಿ ಎರಡು ಮಾತು. ಕೆಲವರು ಇದನ್ನು ಗಿನಿಹಂದಿ ಎಂದೂ ಕರೆಯುವುದುಂಟು. ಆದರೆ ಆಫ್ರಿಕದ ಗಿನಿ ದೇಶಕ್ಕೂ ಇದಕ್ಕೂ ಹುಟ್ಟಿನ ನಂಟಿಲ್ಲ. ಹಂದಿಯ ಕುಲವಂತೂ ಅಲ್ಲವೇ ಅಲ್ಲ. ಇದು ಮೂಷಿಕ ವರ್ಗದ ಪ್ರಾಣಿ, ಬಾಲವಿಲ್ಲದ್ದು, ಬೆಳೆದದ್ದು ಸುಮಾರು ಒಂದು ಕಿಲೋ ತೂಗುತ್ತದೆ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಪೆರು, ಬೊಲಿವಿಯ, ಎಕ್ವಡಾರ್ ದೇಶಗಳ ಮಲೆನಾಡಿಗರು ಇದನ್ನು ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿದ್ದಾರೆ. ಅಲ್ಲಿ ಇದಕ್ಕೆ 'ಕುಯ್' ಎಂದು ಹೆಸರು. ಹದಿನಾರನೆಯ ಶತಮಾನದಲ್ಲಿ ಹಡಗು ಹತ್ತಿ ಯೂರೋಪಿಗೆ ಬಂದು, ಅಲ್ಲಿಂದ ಜಗತ್ತನ್ನೆಲ್ಲ ಸುತ್ತಿತು. ಅಗೆಯಲಾರದು, ಹತ್ತಲಾರದು, ಕಚ್ಚುವುದು ಅಪರೂಪ. ಭಯವಾದರೆ ಕಲ್ಲಿನಂತೆ ಕುಳಿತುಬಿಡುತ್ತದೆ. ಸಂತೋಷವಾದರೆ ಬಾಣಲೆಯಲ್ಲಿ ಅರಳು ಸಿಡಿದಂತೆ ನಿಂತಲ್ಲೇ ಮೇಲಕ್ಕೆ ಹಾರುತ್ತದೆ. ಅಡಿಗೆಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿದ ಸದ್ದು ಕೇಳಿದರೆ ಸಾಕು, ಮನೆ ಹಾರಿಹೋಗುವಂತೆ ಸಿಳ್ಳು ಹಾಕುತ್ತದೆ.

ಲಂಡನ್ನಿನಲ್ಲಿರುವ ನನ್ನ ಸೋದರಳಿಯ ಮೊಮ್ಮಗಳಿಗೆಂದು ಗಿನಿಯಿಲಿ ಸಾಕಣೆಯ ಅಂದವಾದ ಚಿತ್ರದ ಪುಸ್ತಕವೊಂದನ್ನು ಕಳುಹಿಸಿದ್ದನು. ವಸಂತ ಬಂದೊಡನೆ ಗಿನಿಯಿಲಿಗಳನ್ನು ಹೊರಗಿನ ಹುಲ್ಲಿಗೆ ಬಿಡಬೇಕು, ಎಳೆಯ ಹುಲ್ಲಿಗೆ ಸಮನಾದ ಆಹಾರವಿಲ್ಲ, ಎಂಬುದು ಅದರಲ್ಲಿದ್ದ ಬುದ್ಧಿವಾದ. ಮೊಮ್ಮಗಳು ಶಾಲೆಯ ಪಾಠವನ್ನು ನೆನೆದು ಬೆರಳು ಮಡಿಸಿ ಎಣಿಸಿದಳು. "ಚೈತ್ರ, ವೈಶಾಖ, ವಸಂತ ಋತು. ಅಂದರೆ ಯುಗಾದಿಯಿಂದ ಶುರು. ಅಲ್ಲವೇ ತಾತಾ?" ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದ ನಾನು ನೂರಕ್ಕೆ ನೂರು ಅಂಕಗಳನ್ನು ಕೊಟ್ಟುಬಿಟ್ಟೆನು.

ಯುಗಾದಿಯಾದ ಹತ್ತನೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ತಂತಿಯ ಗೂಡನ್ನು ಕಾಂಪೌಂಡಿನ ಗೋಡೆಯ ಪಡುವಣ ಮಗ್ಗುಲಲ್ಲಿ ಇರಿಸಿದೆವು. ಟ್ಯಾಂಕರಿನ ನೀರು ಕುಡಿದು ಬೆಳೆದ ಹುಲ್ಲಿನ ಒಂದು ಪಟ್ಟಿ ಅಲ್ಲಿತ್ತು; ಗೋಡೆಯ ನೆರಳು ತಣ್ಣಗೆ ಬಿದ್ದಿತ್ತು. ಬೇವು ಬೆಲ್ಲಗಳೆರಡೂ ಅರಳಿನಂತೆ ಸಿಡಿದವು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವಳನ್ನು ಪಕ್ಕದ ಮನೆಯ ಗೆಳತಿ ಕರೆದಾಗ, 'ಹೋಗಿ ಬಾ, ನಾನು ನೋಡಿಕೊಳ್ಳುತ್ತೇನೆ' ಎಂದು ಕುರ್ಚಿ ಹಾಕಿ ಕುಳಿತೆನು. ಕೈಯಲ್ಲಿ ಇದೇ ಪತ್ರಿಕೆಯಿತ್ತು. ಧಾರಾವಾಹಿಯ ನಾಯಕಿ ಮಹಾ ಸಂಕಟದಲ್ಲಿದ್ದಳು. ಬಿಸಿಲು ತಾಗಿದಾಗ ಕುರ್ಚಿಯನ್ನು ಎತ್ತಿಕೊಂಡು ವರಾಂಡಕ್ಕೆ ಬಂದೆನು. ನನ್ನನ್ನು ನಾನು ನೆರಳಿಗೆ ಸಾಗಿಸಿಕೊಂಡೆನೇ ಹೊರತು, ಗೂಡಿನಲ್ಲಿದ್ದವುಗಳ ನೆನಪು ಬರಲಿಲ್ಲ. ಓದಿ ಮುಗಿಸಿ ತಲೆಯೆತ್ತುವಾಗ ಹನ್ನೆರಡೂವರೆ. ಗೋಡೆಯ ನೆರಳು ಗೋಡೆಯ ಬುಡಕ್ಕೆ ಸರಿದು ಇಲ್ಲವಾಗಿತ್ತು. ಬೆಲ್ಲ ನೀರಿನ ಬಟ್ಟಲ ಪಕ್ಕದಲ್ಲಿ ಏದುತ್ತಿತ್ತು. ಬೇವು ಮೈಯನ್ನು ಉದ್ದಕ್ಕೆ ಚಾಚಿ ಮಲಗಿತ್ತು. ಅದು ಮತ್ತೆ ಏಳಲಿಲ್ಲ.

ಮೊಮ್ಮಗಳು ಅತ್ತಳು, ನನ್ನನ್ನು ಬೈಯಲಿಲ್ಲ. "ನೆರಳಿನಲ್ಲೇ ಇಟ್ಟಿದ್ದೆವಲ್ಲಾ, ತಾತಾ?" ಎಂದು ಮಾತ್ರ ಕೇಳಿದಳು. ಬೈದಿದ್ದರೆ ಮೇಲಾಗಿತ್ತು.

ನಮ್ಮ ಬೀದಿಗೆ ದಿನವೂ ಸೊಪ್ಪು ಮಾರಲು ಬರುವ ವೃದ್ಧೆಯೊಬ್ಬರಿದ್ದಾರೆ. ಎಪ್ಪತ್ತೈದು ದಾಟಿದ ಜೀವ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲವೂ ಈ ಸುತ್ತಿನಲ್ಲಿಯೇ. ಈಗ ಬಹುಮಹಡಿ ಮನೆಗಳೆದ್ದಿರುವ ಜಾಗದಲ್ಲಿ ಅವರು ಹುಡುಗಿಯಾಗಿ ದನ ಕಾಯ್ದಿದ್ದಾರೆ. ಮಾರನೆಯ ದಿನ ಮೊಮ್ಮಗಳ ಬಾಡಿದ ಮುಖವನ್ನು ನೋಡಿ ವಿಚಾರಿಸಿದರು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆನು. ಅವರು ಬುಟ್ಟಿಯನ್ನು ಇಳಿಸಿ ಜಗಲಿಯ ಮೇಲೆ ಕುಳಿತರು.

"ಮದ್ದೂರಮ್ಮನ ಜಾತ್ರೆ ಆಸುಪಾಸಿನಲ್ಲಿ ಹಸಿ ಹುಲ್ಲು ಎಲ್ಲಿಂದ ಬರಬೇಕು, ಮೇಷ್ಟ್ರೇ? ಅದು ದನಕ್ಕೆ ಬಣವೆಯ ರಾಗಿಹುಲ್ಲು ಹಿರಿದು ಹಾಕೋ ಕಾಲ. ಮೇಯೋ ಕಾಲ ಅಲ್ಲ. ಅಂಥಾ ಬಿಸಿಲಿನಾಗೆ ಎತ್ತನ್ನೇ ಹೊರಗೆ ಕಟ್ಟುತಿರಲಿಲ್ಲ ನಾವು."

"ನೆರಳಿನಲ್ಲಿಯೇ ಇಟ್ಟಿದ್ದೆವು, ತಾಯಿ" ಎಂದೆನು.

"ನೆರಳಿಗೂ ಕಾಲುಂಟು, ಸ್ವಾಮಿ. ದನ ಕಾಯೋನು ನೆರಳನ್ನ ನಂಬಿ ಕುಂತರೆ ಕೆಟ್ಟ."

ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯನ್ನು ಕಂಡವರಿಗೆ ಆ ಮಾತಿನ ಅರ್ಥ ಒಡನೆಯೇ ಆಗುತ್ತದೆ. ನಮ್ಮೂರಿಗೆ ಹತ್ತಿರದಲ್ಲೇ ನಡೆಯುವ ಜಾತ್ರೆ ಅದು. ಗೋಪುರದಂತೆ ಕಟ್ಟಿದ ಎತ್ತರದ ತೇರುಗಳನ್ನು ಸುತ್ತಲಿನ ಹಳ್ಳಿಗಳಿಂದ ಎಳೆದು ತರುತ್ತಾರೆ. ಕೊಯ್ಲು ಮುಗಿದು ಬರಿದಾದ ಒಣ ನೆಲದ ಕಾಲವಾದುದರಿಂದಲೇ ಹೊಲಗಳ ಮೇಲೆ ಹಾದು ತೇರು ಬರಲು ಸಾಧ್ಯವಾದದ್ದು. ತೇರಿಗೆ ದಾರಿ ಕೊಡುವ ನೆಲ ಮೇವನ್ನು ಕೊಡಲಾರದು.

ಆಗ ನನಗೆ ನಮ್ಮ ತಪ್ಪು ಹೊಳೆಯಿತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ತನ್ನ ಊರಿನ ಮಾತನ್ನು ಸರಿಯಾಗಿಯೇ ಹೇಳಿತ್ತು. ಇಂಗ್ಲೆಂಡಿನಲ್ಲಿ ವಸಂತವೆಂದರೆ ಹಿಮದ ಕಾಲ ಕಳೆದು, ಮಲಗಿದ್ದ ಹುಲ್ಲು ಏಳುವ ಸಮಯ. ಅಲ್ಲಿ ಹೆದರಿಕೆ ಚಳಿಗೆ, ತೇವಕ್ಕೆ, ಬಿಸಿಲಿಗಲ್ಲ. ನಮ್ಮಲ್ಲಿ ವಸಂತವೆಂದರೆ ಮಾವು ಚಿಗುರುವ ಕಾಲ, ಹೊಂಗೆ ತಳೆಯುವ ಕಾಲ. ಮರದ ಬೇರು ಆಳದ ನೀರನ್ನು ತಲಪುತ್ತದೆ. ಹುಲ್ಲಿನ ಬೇರಿಗೆ ಆ ಭಾಗ್ಯವಿಲ್ಲ. ಮರ ಹಸುರಾದಾಗ ಹುಲ್ಲು ಒಣಗಿರುತ್ತದೆ. ಕೋಗಿಲೆಗೆ ವಸಂತವಾದುದು ಗಿನಿಯಿಲಿಗೆ ಕಡುಬೇಸಗೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ತಂಪಾದ ಊರೆಂದು ಹೆಸರು ಪಡೆದಿದೆ, ನಿಜ. ಆದರೆ ಏಪ್ರಿಲ್ ಈ ಊರಿನ ಅತ್ಯಂತ ಸೆಕೆಯ ತಿಂಗಳು. 2016ರ ಏಪ್ರಿಲಿನಲ್ಲಿ ಉಷ್ಣಮಾನ 39 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತ್ತು. ಗಿನಿಯಿಲಿಗೆ ಹಿತವಾದದ್ದು 18ರಿಂದ 24 ಡಿಗ್ರಿ. 27-28ನ್ನು ಮೀರಿದರೆ ಅದಕ್ಕೆ ಅಪಾಯ. ಅದು ಬೆವರುವ ಪ್ರಾಣಿಯಲ್ಲ. ಮೈತುಂಬ ಕೂದಲು ಹೊದ್ದ ಪರ್ವತವಾಸಿ. ಬಿಸಿಲು ಬಡಿದ ಗಿನಿಯಿಲಿ ಮೈಚಾಚಿ ಮಲಗುತ್ತದೆ, ವೇಗವಾಗಿ ಉಸಿರಾಡುತ್ತದೆ, ಜೊಲ್ಲು ಸುರಿಸುತ್ತದೆ. ಅಂಥದನ್ನು ಕೂಡಲೇ ತಂಪಾದ ಕಡೆಗೆ ಸಾಗಿಸಿ, ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ, ಪಾದಗಳನ್ನು ಒರೆಸಿ, ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಂಜುಗಡ್ಡೆಯನ್ನು ಇಡಬಾರದು. ಇದನ್ನೆಲ್ಲ ನಾನು ಅರಿತದ್ದು ಬೇವು ಹೋದ ಮೇಲೆ.

'ಹಾಗಾದರೆ ಈ ಉಸಾಬರಿಯೇ ಬೇಡ, ಗೂಡಿನಲ್ಲಿಯೇ ಇರಲಿ' ಎಂದಳು ಸೊಸೆ. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹಸುರು ಹುಲ್ಲು ಗಿನಿಯಿಲಿಗೆ ಕೇವಲ ವಿನೋದವಲ್ಲ. ನಮ್ಮ ಹಸುವಾಗಲಿ ನಾಯಿಯಾಗಲಿ ತನಗೆ ಬೇಕಾದ 'ಸಿ' ಜೀವಸತ್ತ್ವವನ್ನು ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಗಿನಿಯಿಲಿಗೂ ಇಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ಇಬ್ಬರು ವಿದ್ವಾಂಸರು ಗಿನಿಯಿಲಿಗಳಿಗೆ ಬರಿಯ ಧಾನ್ಯವನ್ನು ತಿನ್ನಿಸಿ ನೋಡಿದರು. ಹಿಂದಿನ ಕಾಲದಲ್ಲಿ ಹಡಗಿನ ನಾವಿಕರ ವಸಡಿನಲ್ಲಿ ರಕ್ತ ಒಸರಿಸಿ ಕೊಲ್ಲುತ್ತಿದ್ದ ಸ್ಕರ್ವಿ ರೋಗವೇ ಅವುಗಳಿಗೂ ಬಂದಿತು. ಹಸುರು ಆಹಾರ ಕೊಟ್ಟಾಗ ಆ ರೋಗ ದೂರವಾಯಿತು. ನಾವಿಂದು ನಿಂಬೆಹಣ್ಣಿನ ಗುಣವನ್ನು ಶಾಸ್ತ್ರೋಕ್ತವಾಗಿ ಅರಿತಿರುವುದರ ಹಿಂದೆ ಈ ಮೂಕಜೀವದ ಋಣವಿದೆ. ಇದಲ್ಲದೆ ಗಿನಿಯಿಲಿಯ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ನಾರಿನ ಹುಲ್ಲನ್ನು ಸದಾ ಅಗಿಯುತ್ತಿದ್ದರೆ ಮಾತ್ರ ಅದು ಸವೆದು ಹದದಲ್ಲಿರುವುದು. ಆದುದರಿಂದ ಹುಲ್ಲು ಬೇಕೇ ಬೇಕು. ಯಾವಾಗ, ಎಲ್ಲಿ, ಎಷ್ಟು ಎಂಬುದಷ್ಟೇ ಪ್ರಶ್ನೆ.

'ಯಾವಾಗ' ಎಂಬುದಕ್ಕೆ ಸೊಪ್ಪಿನ ತಾಯಿಯೇ ಉತ್ತರ ಕೊಟ್ಟರು. ಭರಣಿ ಮಳೆ ಬರಲಿ ಎಂದರು. ಭರಣಿಗೂ ಧರಣಿಗೂ ನಮ್ಮ ರೈತರು ಗಾದೆಯಲ್ಲಿಯೇ ಗಂಟುಹಾಕಿದ್ದಾರೆ. ಏಪ್ರಿಲಿನ ಕೊನೆಯಿಂದ ಮೇ ತಿಂಗಳ ಎರಡನೆಯ ವಾರದವರೆಗಿನ ಮಳೆ ಅದು. ಅದರ ಹಿಂದೆಯೇ ಕೃತ್ತಿಕೆ, ರೋಹಿಣಿ. ಎರಡು ಹದಮಳೆ ಬಿದ್ದು ಎಂಟು-ಹತ್ತು ದಿನ ಕಳೆದರೆ ಸತ್ತಂತೆ ಬಿದ್ದಿದ್ದ ಗರಿಕೆ ಗೆಣ್ಣು ಗೆಣ್ಣಿನಲ್ಲಿಯೂ ಚಿಗುರುತ್ತದೆ. ಗಾಳಿಯೂ ತಣಿದಿರುತ್ತದೆ. ಮೇಯುವ ಪ್ರಾಣಿಗೆ ಅದೇ ವಸಂತ, ಪಂಚಾಂಗ ಏನೇ ಹೇಳಲಿ. ಅಲ್ಲಿಯವರೆಗೆ ಬೆಲ್ಲಕ್ಕೆ ಗೂಡಿನಲ್ಲಿಯೇ ಒಣಹುಲ್ಲು, ಕೊತ್ತಂಬರಿ ಸೊಪ್ಪು, ಒಂದೆರಡು ಹೋಳು ದಪ್ಪ ಮೆಣಸಿನಕಾಯಿ ಕೊಟ್ಟೆವು. ಈ ಮೆಣಸಿನಕಾಯಿಯಲ್ಲಿ 'ಸಿ' ಜೀವಸತ್ತ್ವ ಹೇರಳ. ಒಂಟಿಯಾಗಿ ಮಂಕಾಗಿದ್ದ ಬೆಲ್ಲಕ್ಕೆ ಜೊತೆಯೊಂದನ್ನು ತಂದುದೂ ಆಗಲೇ. ಗಿನಿಯಿಲಿ ಗುಂಪಿನಲ್ಲಿ ಬಾಳುವ ಪ್ರಾಣಿ. ಒಂಟಿತನ ಅದಕ್ಕೆ ಸಲ್ಲದು. ಹೊಸದಕ್ಕೆ ಬೇವು ಎಂಬ ಹೆಸರನ್ನೇ ಇಡೋಣವೆಂದೆನು. "ಬೇಡ ತಾತಾ, ಅದು ಅದರ ಹೆಸರು" ಎಂದು ಮೊಮ್ಮಗಳು ಒಪ್ಪಲಿಲ್ಲ. ಮಳೆಗೆ ಕಾದು ಕುಳಿತ ದಿನಗಳಾದುದರಿಂದ ಭರಣಿ ಎಂದು ಕರೆದಳು.

'ಎಲ್ಲಿ' ಎಂಬ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಎರಡು ಗಿನಿಯಿಲಿಗಳಿಗೆ ಬೇಕಾದುದು ಒಂದು ಚಾಪೆಯಗಲದ ಶುದ್ಧ ಹುಲ್ಲು. ಒಂದು ಕಾಲಕ್ಕೆ ಊರ ದನವೆಲ್ಲ ಗೋಮಾಳದಲ್ಲಿ ಮೇಯುತ್ತಿದ್ದ ಈ ಸೀಮೆಯಲ್ಲಿ ಆ ಚಾಪೆಯಗಲವನ್ನು ಹುಡುಕಲು ನಮಗೆ ಮೂರು ವಾರ ಹಿಡಿಯಿತೆಂದರೆ ವಾಚಕರು ನಂಬಬೇಕು. ರಸ್ತೆಬದಿಯ ಹುಲ್ಲಿನ ಮೇಲೆ ಲಾರಿಗಳ ಹೊಗೆ, ಬೀದಿನಾಯಿಗಳ ಹೊಲಸು. ಚರಂಡಿಯ ಅಂಚಿನ ಹುಲ್ಲು ಎಲ್ಲಕ್ಕಿಂತ ಹಸುರು. ಆದರೆ ಅದು ಯಾವ ನೀರು ಕುಡಿದು ಹಸುರಾಗಿದೆಯೋ ಬಲ್ಲವರಾರು? ಮನೆಗಳ ಮುಂದಿನ ಅಲಂಕಾರದ ಹುಲ್ಲಿಗೆ ಕಳೆನಾಶಕವನ್ನೂ ಕೀಟನಾಶಕವನ್ನೂ ಎರಚಿರುತ್ತಾರೆ. ಖಾಲಿ ನಿವೇಶನಗಳಲ್ಲಿ ಮಳೆ ಬಿದ್ದೊಡನೆ ಮೊದಲು ಏಳುವುದೇ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದು ದನಕ್ಕೂ ಕೇಡು, ಮನುಷ್ಯನ ಚರ್ಮಕ್ಕೂ ಕೇಡು. ಅದರ ಪಕ್ಕದಲ್ಲಿ ಉಮ್ಮತ್ತಿ, ಎಕ್ಕ, ಲಂಟಾನ, ಬೇಲಿಯ ಕಣಗಿಲೆ, ಒಂದೊಂದೂ ವಿಷ. ಮನೆಯಲ್ಲಿ ಹುಟ್ಟಿ ಬೆಳೆದ ಗಿನಿಯಿಲಿಗೆ ಇವುಗಳ ಪರಿಚಯವಿಲ್ಲ, ಬಾಯಿ ಹಾಕಿಬಿಡಬಹುದು. ನಮ್ಮ ಬೀದಿಯ ಮಕ್ಕಳಲ್ಲಿ ಇವುಗಳ ಹೆಸರನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಗಿಡದ ಗುಣವನ್ನು ಬಲ್ಲವರು ಸೊಪ್ಪಿನ ತಾಯಿಯೊಬ್ಬರೇ. ಅವರು ಮೊಮ್ಮಗಳ ಕೈಹಿಡಿದು ಸುತ್ತಿಸಿ, "ಇದು ಕೊಡಬಹುದು ಮಗಾ, ಇದು ಮುಟ್ಟಬೇಡ" ಎಂದು ತೋರಿಸಿದರು. ಅವರ ಕಾಲಾನಂತರ ಈ ಪಾಠವನ್ನು ಯಾರು ಹೇಳುವರೋ ನಾನರಿಯೆ.

ಕಡೆಗೆ ನೀರಿನ ಸಂಪಿನ ಹಿಂದೆ ಒಂದು ಮೂಲೆ ದೊರೆಯಿತು. ಅಲ್ಲಿಗೆ ಔಷಧ ಹೊಡೆಯದಂತೆ ಮಾಲಿಯನ್ನು ಕೇಳಿಕೊಂಡೆವು. ಕಳೆಯನ್ನು ಕಿತ್ತು, ಗರಿಕೆಯ ಬಳ್ಳಿಯನ್ನು ನಾವೇ ನೆಟ್ಟೆವು. ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವ ಆ ಗರಿಕೆ ಗಣಪತಿಯ ವಾಹನದ ಬಂಧುವಿಗೂ ಪರಮಪ್ರಿಯವೆಂಬುದನ್ನು ನೋಡಿ ನಮ್ಮ ಮನೆಯಾಕೆಗೆ ಬಹಳ ಸಮಾಧಾನವಾಯಿತು.

'ಎಷ್ಟು' ಎಂಬುದಕ್ಕೂ ಉತ್ತರ ದನ ಕಾಯ್ದವರಿಂದಲೇ ಬಂದಿತು. "ಹಸಿದ ಹೊಟ್ಟೆಗೆ ಎಳೆ ಹುಲ್ಲು ಮೇಯಿಸಿದರೆ ಹೊಟ್ಟೆ ಉಬ್ಬರಿಸುತ್ತೆ. ಮೊದಲು ಒಂದು ಹಿಡಿ ಒಣಹುಲ್ಲು ತಿನ್ನಿಸಿ ಆಮೇಲೆ ಬಿಡಿ" ಎಂದರು. ಮನೆಗೆ ಬಂದು ಲಂಡನ್ನಿನ ಪುಸ್ತಕವನ್ನು ತೆರೆದು ನೋಡುತ್ತೇನೆ, ಮುಂದಿನ ಪುಟದಲ್ಲಿ ಅದೇ ಮಾತು! ಮೊದಲು ಒಣಹುಲ್ಲು, ಮೊದಲ ದಿನ ಹತ್ತೇ ನಿಮಿಷ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ ಎರಡು ವಾರದಲ್ಲಿ ಒಂದು ಗಂಟೆಗೆ ತರಬೇಕು. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಹೊಸ ಮೇವು ಒಗ್ಗಲು ಅಷ್ಟು ಕಾಲ ಬೇಕಂತೆ. ಆ ಪುಟವನ್ನು ನಾವು ಓದಿರಲಿಲ್ಲ. ಋತು ಊರೂರಿಗೆ ಬೇರೆಯಾದರೂ ಹೊಟ್ಟೆ ಎಲ್ಲ ಕಡೆಯೂ ಒಂದೇ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವ ಕ್ರಮವನ್ನು ಹೇಳಿಬಿಡುತ್ತೇನೆ. ಗಿನಿಯಿಲಿ ಸಾಕಿದ ವಾಚಕರಿಗೆ ಉಪಯೋಗವಾದೀತು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ, ಬೆಳಿಗ್ಗೆ ಇಬ್ಬನಿ ಆರಿದ ಹೊತ್ತಿನಲ್ಲಿ, ಇಲ್ಲವೇ ಸಂಜೆ ಐದರ ಅನಂತರ ಹೊರಗೆ ಬಿಡುತ್ತೇವೆ. ಬಿಡುವ ಮೊದಲು ನೆಲವನ್ನು ನೋಡುತ್ತೇವೆ. ಮಳೆಯ ಹಿಂದೆಯೇ ಕೆಂಜಿರುವೆ ಏಳುತ್ತದೆ. ಅಡಿಯಿಲ್ಲದ ತಂತಿಯ ಆವರಣ ಸಾಕು, ಆದರೆ ಮೇಲ್ಭಾಗ ಮಾತ್ರ ಮುಚ್ಚಿರಲೇಬೇಕು. ನಮ್ಮ ಆಕಾಶದಲ್ಲಿ ಹದ್ದುಗಳಿಗೆ ಕೊರತೆಯಿಲ್ಲ, ಗೋಡೆಯ ಮೇಲೆ ಬೆಕ್ಕುಗಳಿಗೂ ಕೊರತೆಯಿಲ್ಲ. ಒಳಗೆ ಅವಿತುಕೊಳ್ಳಲು ಮಗ್ಗುಲಾಗಿಸಿದ ಒಂದು ಮಡಕೆ, ಕುಡಿಯಲು ನೀರು. ಸೊಪ್ಪಿನ ತಾಯಿ ಕೋಳಿ ಮುಚ್ಚುವ ಬಿದಿರ ಮಂಕರಿಯೊಂದನ್ನು ತಂದುಕೊಟ್ಟಿದ್ದಾರೆ. ಅದನ್ನು ಆವರಣದ ಮೇಲೆ ಕವುಚಿದರೆ ಗಾಳಿಯೂ ಆಡುತ್ತದೆ, ನೆರಳೂ ಆಗುತ್ತದೆ. ಆವರಣದೊಳಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿದ್ದೇವೆ. 26 ತೋರಿಸಿದರೆ ಮೇವು ಮುಗಿಯಿತು, ಮನೆಗೆ ನಡೆ. ಒಳಗೆ ತಂದ ಮೇಲೆ ಹೊಟ್ಟೆಯ ಅಡಿಯ ಕೂದಲನ್ನು ಒರೆಸಿ ಒಣಗಿಸುತ್ತೇವೆ. ಒದ್ದೆಯಾಗಿ, ಕೊಳೆಯಾಗಿ ಬಿಟ್ಟರೆ ನೊಣ ಮೊಟ್ಟೆಯಿಡುತ್ತದೆ. ಯಂತ್ರದಿಂದ ಕತ್ತರಿಸಿ ರಾಶಿಹಾಕಿದ ಹುಲ್ಲನ್ನು ಎಂದಿಗೂ ಕೊಡುವುದಿಲ್ಲ. ಅದು ಬೇಗ ಬಿಸಿಯಾಗಿ ಕೊಳೆಯುತ್ತದೆ. ಮಿಕ್ಕ ಗರಿಕೆಯನ್ನು ಕತ್ತರಿಯಿಂದ ಕೊಯ್ದು ನೆರಳಿನಲ್ಲಿ ಹರಡಿ ಒಣಗಿಸಿಡುತ್ತೇವೆ. ಮುಂದಿನ ಚೈತ್ರಕ್ಕೆ ಅದೇ ಬಣವೆ.

ಎಲ್ಲಕ್ಕಿಂತ ಮುಖ್ಯವಾದುದು, ಅವು ಹೊರಗಿರುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿ ಕುಳಿತಿರುತ್ತೇವೆ. ಕೈಯಲ್ಲಿ ಪತ್ರಿಕೆಯಿರುವುದಿಲ್ಲ, ಸಂಪಾದಕರು ಕ್ಷಮಿಸಬೇಕು. ಧಾರಾವಾಹಿಯ ನಾಯಕಿ ಸಂಜೆಯವರೆಗೆ ಸಂಕಟವನ್ನು ತಾಳಿಕೊಂಡಾಳು.

ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ಪರೀಕ್ಷೆ ನಡೆಯಿತು. 'ವಸಂತ ಋತು ಯಾವಾಗ ಬರುತ್ತದೆ?' ಎಂಬುದೊಂದು ಪ್ರಶ್ನೆ. ಅವಳು ಬರೆದ ಉತ್ತರ ಇದು: 'ಮಾವಿನ ಮರಕ್ಕೆ ಚೈತ್ರದಲ್ಲಿ. ಗಿನಿಯಿಲಿಗೆ ಭರಣಿ ಮಳೆ ಬಿದ್ದ ಎಂಟನೆಯ ದಿನ.' ಎರಡು ಅಂಕಗಳಿಗೆ ಒಂದು ಬಂದಿದೆ. "ಇನ್ನೊಂದು ಅಂಕ ಎಲ್ಲಿ ಹೋಯಿತು, ತಾತಾ?" ಎಂದು ಕೇಳಿದಳು. ನಾನೇ ಮೇಷ್ಟ್ರಾಗಿದ್ದಾಗ ಇಂಥ ಉತ್ತರಕ್ಕೆ ಎಷ್ಟು ಕೊಡುತ್ತಿದ್ದೆನೆಂಬುದನ್ನು ನೆನೆದು, ಏನೂ ಹೇಳದೆ ಸುಮ್ಮನಾದೆನು.